ನಮ್ಮ ಮನೆಯ ಒಗೆಯುವ ಪುಡಿ

ಮಾಲಗಾಂವ, ತಾ. ಮಿರಜ
೧೨ ಆಗಸ್ಟ್ ೨೦೨೪

ಪ್ರೀತಿಯ ಪಾರಿಸಣ್ಣಾ,

ಜಯ ಜಿನೇಂದ್ರ. ನಿನ್ನ ಮೊಣಕಾಲು ಹೇಗಿದೆ? ಹೊಲಿಗೆ ಬಿಚ್ಚಿದ ಮೇಲೆ ಕಾಲು ಪೂರ್ತಿ ಮಡಚಲು ಬರುತ್ತದೆಯೇ? ನೀನು ಕೋಲು ಹಿಡಿದು ಅಂಗಳದವರೆಗೆ ಹೋಗುತ್ತೀಯಂತೆ, ವ್ಯಾಯಾಮ ಮಾಡು ಎಂದರೆ ಮಾತ್ರ ಸಣ್ಣ ಹುಡುಗನ ಹಾಗೆ ಮುಖ ತಿರುಗಿಸುತ್ತೀಯಂತೆ. ನಿನ್ನ ಮಗ ಶ್ರೇಯಸನೇ ಹೇಳಿದ. ಮಾಡಣ್ಣಾ, ಬೇಸರ ಮಾಡಿಕೊಳ್ಳಬೇಡ. ಬೆಳಗಾವಿಯ ಮಳೆಯಲ್ಲಿ ಒದ್ದೆ ಕಲ್ಲಿನ ಮೇಲೆ ಕಾಲಿಡಬೇಡ. ಮಗಳನ್ನು ನನ್ನ ಮಗನಿಗೆ ಕೊಟ್ಟು ಬೀಗನಾದ ಮೇಲೆ ನಿನ್ನನ್ನು ‘ನೀವು’ ಎನ್ನಬೇಕಿತ್ತು. ಆರು ವರ್ಷವಾದರೂ ನನ್ನ ನಾಲಿಗೆ ಹೊರಳಿಲ್ಲ, ನೀನೂ ಬೈದಿಲ್ಲ.

ಈ ವಾರ ಎರಡು ಸಲ ನಿನಗೆ ಫೋನ್ ಹಚ್ಚಿದೆ. ಎರಡೂ ಸಲ ಮೊಣಕಾಲಿನ ವಿಚಾರ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಶೇಡಬಾಳದ ಶಾಲೆಯಲ್ಲಿ ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ನಗುತ್ತಿದ್ದೆಯಲ್ಲ, ಈಗ ಇನ್ನೂ ಕೆಟ್ಟಿದೆ, ನಿಧಾನವಾಗಿ ಓದಿಕೋ. ನನ್ನ ಮಗ ಅಭಿಜಿತನಿಗೆ ಮರಾಠಿಯಷ್ಟೇ ಓದಲು ಬರುವುದು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸೋನಲಳ ಎಡಗಣ್ಣಿಗೆ ದ್ರಾಕ್ಷಿ ಹಂದರದ ತಂತಿ ತಾಗಿದೆ, ಎಂಟು ದಿನದಲ್ಲಿ ಆರಾಮಾಗುತ್ತದೆ ಎಂದು ನಿನಗೆ ಹೇಳಿದ್ದೆವು. ಅದು ಸುಳ್ಳು ಅಣ್ಣಾ. ನಿನ್ನ ಮಗಳ ಕಣ್ಣು ಹೋಗಿದ್ದು ನಾನು ಕಲಸಿದ ಪುಡಿಯಿಂದ.

ನಾಲ್ಕು ವರ್ಷದ ಹಿಂದೆ ನಮ್ಮ ಉಳಿತಾಯ ಸಂಘದ, ಈ ಬಚತ ಗಟದ ಹೆಂಗಸರೆಲ್ಲ ಸಾಂಗಲಿಗೆ ಹೋಗಿ ಬಟ್ಟೆ ಒಗೆಯುವ ಪುಡಿ ಮಾಡುವುದನ್ನು ಕಲಿತು ಬಂದದ್ದು ನಿನಗೆ ಗೊತ್ತೇ ಇದೆ. ನಿಮ್ಮ ಮನೆಗೂ ಒಂದು ಚೀಲ ಕಳಿಸಿದ್ದೆ. ಕಲಿಸಿದ ಹೆಂಗಸು ಒಂದು ಮಾತು ಒತ್ತಿ ಹೇಳಿದ್ದಳು, ಪೊಟ್ಟಣದ ಮೇಲೆ ಒಳಗೆ ಏನೇನಿದೆ ಎಂದು ಬರೆಯಿರಿ, ಕಣ್ಣಿಗೆ ಹೋದರೆ ಏನು ಮಾಡಬೇಕೆಂದೂ ಬರೆಯಿರಿ ಎಂದು. ನಾವು ಬಿಳಿ ಸೀರೆಯ ಚಿತ್ರವೊಂದನ್ನು ಅಚ್ಚು ಹಾಕಿಸಿದೆವು, ಅಷ್ಟೆ. ಬರೆದರೆ ಬುಧಗಾಂವದ ಗಟದವರೂ ನೋಡಿ ಇದೇ ಪುಡಿ ಮಾಡಿಕೊಳ್ಳುತ್ತಾರೆ ಎಂದು ಗಟದ ಜಿನಮತಿ ಅಂದಳು. ನನಗೂ ಅದು ಸರಿ ಎನಿಸಿತು.

ಈ ವರ್ಷ ಮಳೆಗಾಲ ಶುರುವಾದಾಗ ಗಿರಾಕಿಗಳು ದೂರಿದರು. ತೋಟಕ್ಕೆ ಔಷಧ ಹೊಡೆಯುವವರ ಅಂಗಿಯ ನೀಲಿ ಕಲೆ ಹೋಗುತ್ತಿಲ್ಲವಂತೆ. ನಾನು ಯಾರನ್ನೂ ಕೇಳದೆ ಕಾಸ್ಟಿಕ್ ಸೋಡಾದ ಹರಳು ತರಿಸಿ ಸೇರಿಸಿದೆ. ಮೊದಲು ಸ್ವಲ್ಪ, ಕಲೆ ಹೋಯಿತೆಂದು ಹೊಗಳಿದ ಮೇಲೆ ಇನ್ನಷ್ಟು. ಸೋನಲ ನನ್ನ ಪಕ್ಕದಲ್ಲೇ ಕುಳಿತು ಪೊಟ್ಟಣ ತುಂಬುತ್ತಿದ್ದಳು. ‘ಅತ್ತೀ, ಕೈ ಉರಿಯಾಕತ್ತಾವ, ಭಾಳ ಆಗೇತೇನೋ ನೋಡ್ರಿ’ ಅಂದಳು. ‘ಉರದರನ ಕಲೆ ಹೋಗತಾವ, ಸುಮ್ಮನ ತುಂಬ’ ಅಂದೆ. ನಗುತ್ತಾ ಅಂದೆ. ಅವಳೂ ನಕ್ಕಳು.

ಜುಲೈ ಒಂಬತ್ತರಂದು ಬೆಳಿಗ್ಗೆ ಅವಳು ಹಿತ್ತಲಿನಲ್ಲಿ ಬಟ್ಟೆ ಒಗೆಯಲು ಕುಳಿತಿದ್ದಳು. ಮಳೆಯ ತೇವಕ್ಕೆ ಪೊಟ್ಟಣದ ಪುಡಿಯೆಲ್ಲ ಕಲ್ಲಿನಂತೆ ಗಟ್ಟಿಯಾಗಿತ್ತು. ಒಡೆಯಲೆಂದು ಒಗೆಯುವ ಕಲ್ಲಿಗೆ ಕುಟ್ಟಿದಾಗ ಚೂರು ಸಿಡಿದು ಕಣ್ಣಿಗೆ ಹೋಯಿತು. ‘ಅತ್ತೀ’ ಎಂದು ಅವಳು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಓಡಿಹೋಗಿ ಎರಡು ತಂಬಿಗೆ ನೀರು ಎರಚಿದೆ. ಆಮೇಲೆ ಔಡಲೆಣ್ಣೆಯ ಹನಿ ಬಿಟ್ಟು ಒದ್ದೆ ಅರಿವೆ ಕಟ್ಟಿ, ‘ಕಣ್ಣಾಗ ಸಾಬಾನ ಹೋಗೇತಿ, ಕಣ್ಣೀರ ಬಂದ್ರ ತಾನ ಹೋಗತೈತಿ’ ಎಂದು ಮಲಗಿಸಿದೆ. ಒಳಗೆ ಕಾಸ್ಟಿಕ್ ಇದೆ ಎಂದು ಗೊತ್ತಿದ್ದ ಹಿರಿಯಳು ಆ ಹೊತ್ತು ಮನೆಯಲ್ಲಿ ನಾನೊಬ್ಬಳೇ. ಬಾವಿಯ ಮೋಟಾರು ಹಚ್ಚಿ ಅರ್ಧ ತಾಸು ನೀರು ಹಾಕಬಹುದಿತ್ತು. ನೀರಿಗೇನೂ ಬರ ಇರಲಿಲ್ಲ.

ಅಭಿಜಿತ ತೋಟದಿಂದ ಬಂದು, ರಿಕ್ಷಾ ಮಾಡಿ ಮಿರಜಿನ ದವಾಖಾನೆಗೆ ಮುಟ್ಟಿಸುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಡಾಕ್ಟರಬಾಯಿ ಕಣ್ಣಿನ ಅಂಚಿಗೆ ಒಂದು ಕಾಗದದ ಪಟ್ಟಿ ಹಚ್ಚಿ, ಅದರ ಬಣ್ಣ ತಿರುಗಿದ್ದು ನೋಡಿ, ಕೂಡಲೇ ಕೊಳವೆ ತರಿಸಿ ಕಣ್ಣು ತೊಳೆಯತೊಡಗಿದಳು. ತೊಳೆಯುತ್ತಲೇ ಕೇಳಿದಳು, ‘ಪುಡಿ ಯಾವುದರಿ? ಅದರಾಗ ಏನೇನೈತಿ?’ ಅಭಿಜಿತ ಕಿಸೆಯಿಂದ ಪೊಟ್ಟಣ ತೆಗೆದು ತೋರಿಸಿದ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಿಳಿ ಸೀರೆಯ ಚಿತ್ರ ಬಿಟ್ಟರೆ ಒಂದಕ್ಷರ ಇರಲಿಲ್ಲ. ‘ಇದನ್ನ ಮಾಡಿದವರು ಯಾರು?’ ಎಂದಳು. ನಾನು ಗೋಡೆಗೆ ಆತು ನಿಂತಿದ್ದೆ. ಪೊಲೀಸರು ಬರುತ್ತಾರೇನೋ, ಗಟ ಮುಚ್ಚಿಸುತ್ತಾರೇನೋ, ಊರವರು ಏನೆನ್ನುತ್ತಾರೋ, ಇದೇ ತಲೆಯಲ್ಲಿ. ಅಭಿಜಿತ ನನ್ನ ಮುಖ ನೋಡಿದ. ಆಗ ಸೋನಲ, ನೋವಿನಲ್ಲಿ ಮಂಚದ ಕಂಬಿ ಹಿಡಿದು ಮಲಗಿದ್ದವಳು, ‘ಸಂತ್ಯಾಗ ತಂದದ್ದರಿ, ಯಾರ ಮಾಡ್ಯಾರೋ ಗೊತ್ತಿಲ್ಲ’ ಅಂದಳು.

ಅಣ್ಣಾ, ಆ ಮಾತು ನನ್ನನ್ನು ಕೊಂದಿತು.

ಹದಿನೈದು ದಿನಕ್ಕೆ ಕಣ್ಣಿನ ಮೇಲೆ ಅಕ್ಕಿ ತೊಳೆದ ನೀರಿನ ಬಣ್ಣದ ಪೊರೆ ಬಂತು. ದೀಪ ಹಿಡಿದರೆ ಬೆಳಕು ತಿಳಿಯುತ್ತದೆ. ಎದುರಿಗೆ ಬೆರಳು ಹಿಡಿದರೆ ಎಣಿಸಲಾರಳು. ಮುಂದೆ ದಾನ ಕೊಟ್ಟವರ ಕಣ್ಣಿನ ಮೇಲ್ಪದರ ಕೂಡಿಸಿ ನೋಡಬಹುದು, ಆದರೆ ಇಂಥ ಸುಟ್ಟ ಕಣ್ಣಿನಲ್ಲಿ ಅದು ನಿಲ್ಲುವ ಭರವಸೆ ಕೊಡುವುದಿಲ್ಲ ಎಂದಳು ಡಾಕ್ಟರಬಾಯಿ. ಹೋದ ಬುಧವಾರ ನಾನೊಬ್ಬಳೇ ಬಸ್ಸು ಹತ್ತಿ ಅವಳ ಹತ್ತಿರ ಹೋದೆ. ‘ಆ ಪುಡಿ ನಾನ ಮಾಡೀನ್ರಿ. ಕಾಸ್ಟಿಕ್ ಹಾಕೀನಿ’ ಅಂದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಸೋನಲಳ ಕಾಗದ ತೆಗೆಸಿ ಕಾಸ್ಟಿಕ್ ಎಂದು ಬರೆದುಕೊಂಡಳು. ಆಮೇಲೆ, ‘ನನಗ ಆ ಪಟ್ಟಿ ನೋಡಿದಾಗನ ಗೊತ್ತಾಗಿತ್ತರಿ. ಗೊತ್ತಾಗಬೇಕಾಗಿದ್ದು ಮನ್ಯಾಗ, ಮೊದಲನೇ ನಿಮಿಷಕ್ಕ’ ಅಂದಳು. ಇನ್ನೂ ಎಷ್ಟು ಮನೆಯಲ್ಲಿ ಆ ಪುಡಿ ಇದೆ ಎಂದು ಕೇಳಿದಳು.

ಮರುದಿನದಿಂದ ಮನೆಮನೆಗೆ ಹೋಗಿ ಪೊಟ್ಟಣ ವಾಪಸು ತರುತ್ತಿದ್ದೇನೆ. ಕಾರಣವನ್ನೂ ಹೇಳುತ್ತೇನೆ. ಪಕ್ಕದ ಖಂಡೇರಾಜುರಿ ಊರಿಗೂ ಹೋಗಿ ಬಂದೆ. ಜಿನಮತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ‘ನಾಕ ವರ್ಷದಾಗ ಯಾರಿಗೇನ ಆಗೇತಿ, ಊರಾಗೆಲ್ಲಾ ಮಾನ ಕಳದಿ’ ಎಂದು ಬಾಗಿಲಲ್ಲೇ ಅಂದಳು. ಅನ್ನಲಿ. ಒಂದು ಮನೆಯಲ್ಲಿ ತೊಟ್ಟಿಲ ಕೆಳಗೇ ಆ ಪೊಟ್ಟಣ ಬಾಯಿ ತೆರೆದುಕೊಂಡು ಬಿದ್ದಿತ್ತು. ಎತ್ತಿ ಚೀಲಕ್ಕೆ ಹಾಕಿಕೊಂಡು, ಚೆಲ್ಲಿದ್ದನ್ನು ನಾನೇ ಗುಡಿಸಿ ಬಂದೆ.

ಸೋನಲ ಎಂದಿನಂತೆ ಎದ್ದು ರೊಟ್ಟಿ ಬಡಿಯುತ್ತಾಳೆ. ಚಹಾ ಸುರಿದರೆ ಕಪ್ಪಿನ ಪಕ್ಕಕ್ಕೆ ಬೀಳುತ್ತದೆ, ನನಗೆ ಕಾಣಬಾರದೆಂದು ಸೆರಗಿನಿಂದ ಬೇಗ ಒರೆಸುತ್ತಾಳೆ. ಆ ದಿನದ ಬಗ್ಗೆ ಒಂದು ಮಾತೂ ಆಡಿಲ್ಲ. ವೈನಿ ಸಾಯುವ ಮೊದಲು ಹನ್ನೊಂದು ವರ್ಷದ ತನ್ನ ಈ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟಿದ್ದಳು. ವೈನಿಗೆ ಏನು ಉತ್ತರ ಕೊಡಲಿ? ನಿನ್ನ ಹತ್ತಿರ ಕ್ಷಮೆ ಕೇಳಲು ಇದನ್ನು ಬರೆದಿಲ್ಲ. ಕ್ಷಮಿಸು ಎನ್ನುವ ಮುಖವೂ ನನಗಿಲ್ಲ.

ಶ್ರೇಯಸನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ. ನಿನ್ನ ಕಾಲಿಗೆ ಬಿದ್ದು ನಮಸ್ಕಾರ. ಔಷಧ ತಪ್ಪಿಸಬೇಡ.

ನಿನ್ನ ತಂಗಿ
ಇಂದುಬಾಯಿ

ತಾ.ಕ.: ಅಭಿಜಿತ ಮಿರಜಿಗೆ ಹೊರಟು ನಿಂತಿದ್ದಾನೆ, ಅಂಚೆಗೆ ಹಾಕಲು ಅವನ ಕೈಯಲ್ಲೇ ಕೊಡಬೇಕು, ಬೇಗ ಬರೆಯುತ್ತೇನೆ. ಅಣ್ಣಾ, ಸೋನಲಳನ್ನು ನಿನ್ನ ಹತ್ತಿರ ಕರೆಸಿಕೋ. ನೆಪ ಏನೂ ಬೇಡ, ಬಾ ಅನ್ನು, ಸಾಕು. ಅವಳು ಇಲ್ಲಿ ಒಂದು ಸಲವೂ ಅತ್ತಿಲ್ಲ. ನಾನು ಎದುರಿಗಿರುತ್ತೇನಲ್ಲ, ಅತ್ತರೆ ನನಗೆ ನೋವಾದೀತೆಂದು ತಡೆದುಕೊಂಡಿದ್ದಾಳೆ. ನಾನೇ ಹೋಗು ಎಂದರೆ ಅತ್ತೆ ಹೊರಗೆ ಹಾಕಿದಳು ಅಂದುಕೊಂಡಾಳು. ನಿನ್ನ ಮುಂದೆ ಕುಳಿತು ಮನಸ್ಸು ತುಂಬಿ ಅಳಲಿ, ನನ್ನನ್ನು ಬೈಯಲಿ. ಬೈದರೆ ತಡೆಯಬೇಡ. ತಿರುಗಿ ಯಾವಾಗ ಕಳಿಸುತ್ತೀ ಎಂದು ನಾನು ಕೇಳುವುದಿಲ್ಲ.