ನೀನು ಉದ್ಧರಿಸಿದ ಜಿಂಕೆಮರಿ

ಚಿರಂಜೀವಿ ಮಹಾಬಳೇಶ್ವರನಿಗೆ ಅಕ್ಕನ ಆಶೀರ್ವಾದ.

ನೀನು ಫೋನ್ ಎತ್ತದ ಕಾರಣ ಈ ಚೀಟಿ ಬುತ್ತಿಯ ಜೊತೆ ಬಂದಿದೆ. ಕುಳಗಿ ಕಾಡಿನ ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ್ದ ಜಿಂಕೆಮರಿಯನ್ನು ಉದ್ಧರಿಸಿ, ನನ್ನ ಹಿತ್ತಲಿಗೆ ದಯಪಾಲಿಸಿ ಡ್ಯೂಟಿಗೆ ಹೋದೆಯಲ್ಲ, ಮಹಾನುಭಾವ! ಅದು ಹಾಲು ಮುಟ್ಟುತ್ತಿಲ್ಲ. ಬೀದಿನಾಯಿಗಳನ್ನು ಓಡಿಸಿ ಓಡಿಸಿ ನನಗೂ ಸಾಕಾಗಿದೆ.

ಅವ್ವ ಹೇಳಿದಳು: "ನಿನ್ನ ತಮ್ಮನ್ನ ಕೂಸಿದ್ದಾಗ ಬದುವಿನ ಗಿಡಕ್ಕ ಜೋಲಿ ಕಟ್ಟಿ ಮಲಗಿಸಿ ನಾ ಕಳೆ ತೆಗ್ಯಾಕ ಹೋಗ್ತಿದ್ದೆ. ಅವಾಗ ಯಾರರ ಪಾಪ ಅಂತ ಎತಗೊಂಡು ಹೋಗಿದ್ರ?"

"ನಮಗ ಈ ಕಾಟ ತಪ್ಪತಿತ್ತು" ಎಂದೆ. ಅವ್ವ ನಗಲಿಲ್ಲ.

ಅರಣ್ಯ ಇಲಾಖೆಯವರಿಗೆ ತಿಳಿಸಿದ್ದೇನೆ, ಮರಿಯನ್ನು ವಾಪಸ್ ಬಿಟ್ಟುಬರಲು ಜೀಪು ತರುತ್ತಾರೆ. ಅರ್ಧ ದಿನ ರಜೆ ಕೇಳಿ ಬಂದುಬಿಡು. ಸಂಜೆ ಅದರ ತಾಯಿ ಬಂದು ಹುಡುಕುವ ಜಾಗ ನಿನಗೊಬ್ಬನಿಗೇ ಗೊತ್ತು.

ಇಂತಿ ನಿನ್ನ ಅಕ್ಕ,
ಮಧುಮತಿ