ಪಟ್ಟಿಯ ಮೂರನೆಯ ರಂಧ್ರ

ಧಾರವಾಡ, ಫೆಬ್ರವರಿ ಮೂವತ್ತು, ೨೧೮೮

ರೆಸ್ಪೆಕ್ಟೆಡ್ ಮುತ್ತಾತ ಸೇತುರಾವ್ ಅವರಿಗೆ,

ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ, ಗಾಬರಿಯಾಗಬೇಡಿ. ನನ್ನ ಕನ್ನಡವೂ ನಿಮಗೆ ವಿಚಿತ್ರ ಅನ್ನಿಸೀತು, ಕ್ಷಮಿಸಿ. ಕಾಲೇಜಿನ ಇಂಗ್ಲಿಷಿನಲ್ಲಿ ‘ಐ ಬೆಗ್ ಟು ಸ್ಟೇಟ್’ ಅಂತ ಶುರುಮಾಡುವುದೊಂದು ನೆನಪಿದೆ, ಮುಂದಿನದು ಹೋಯಿತು.

ನಮ್ಮ ಕಾಲದಲ್ಲಿ ಕರುಳು ಕೆಟ್ಟು, ಹೊಟ್ಟೆಯ ಮೇಲೆ ಮಲದ ಚೀಲ ಹೊರುವವರು ಮನೆಗೊಬ್ಬರು. ಕರುಳನ್ನು ಮತ್ತೆ ಕೂಡಿಸಿ ಚೀಲ ತೆಗೆದ ಐದನೆಯ ದಿನ ನಂಟರನ್ನು ಕರೆದು ‘ಚೀಲಬಿಡುಗಡೆ’ ಊಟ ಹಾಕುತ್ತೇವೆ. ಬಾಳೆ ಈಗಿಲ್ಲ, ಪಾಚಿ ಒತ್ತಿ ಮಾಡಿದ ಎಲೆ. ಚೀಲ ಹೊತ್ತವರು ಉಣ್ಣುವ ತನಕ ಬೇರೆಯವರು ಎಲೆ ಮುಟ್ಟುವಂತಿಲ್ಲ. ಅವರ ಹೊಟ್ಟೆಗೆ ಕಾವಲುಪಟ್ಟಿ ಕಟ್ಟಿರುತ್ತಾರೆ. ಹೊಟ್ಟೆ ಎರಡು ಬೆರಳು ಉಬ್ಬಿದರೆ ಅದು ಕೂಗುತ್ತದೆ.

ನನ್ನ ಹೆಂಡತಿ ಶಾಂಭವಿಯ ಪಟ್ಟಿ ಎಲೆ ಹಾಕಿದ ಮೇಲೆ ಕೂಗಿತು.

“ರೀ, ನಿನ್ನಿಯಿಂದ ಗಾಳಿ ಹೋಗಿಲ್ರೀ. ಹೊಟ್ಟಿ ತಮಟಿ ಆಗ್ಯದ,” ಅಂದಳು.

“ಆರು ತಿಂಗಳು ಗಂಜಿ ಕುಡದ ಹೊಟ್ಟಿ ಅದು, ಈಗರ ತುಂಬ್ಕೊಳ್ಲಿ ಬಿಡೋ,” ಎಂದು ನನ್ನ ಅಕ್ಕ ನಕ್ಕಳು.

ಎಲ್ಲರೂ ಹಸಿದು ಕೂತಿದ್ದರು. ನಾನು ಪಟ್ಟಿಯನ್ನು ಒಂದು ರಂಧ್ರ ಸಡಿಲಿಸಿದೆ. ಸುಮ್ಮನಾಯಿತು. ಪಾಯಸದ ಹೊತ್ತಿಗೆ ಇನ್ನೊಂದು. ಮೂರನೆಯ ರಂಧ್ರಕ್ಕೆ ಅವಳು ಹಸಿರಾಗಿ ವಾಂತಿ ಮಾಡಿದಳು. ಕೂಡಿಸಿದ ಜಾಗ ಬಿಟ್ಟುಕೊಂಡಿದೆ ಎಂದು ವೈದ್ಯರು ಹೇಳುವಷ್ಟರಲ್ಲಿ ಕೈಮೀರಿತ್ತು.

ಅವಳು ಹೋದ ಮೇಲೆ ಅಟ್ಟದಲ್ಲಿ ನಿಮ್ಮ ದಿನಚರಿ ಸಿಕ್ಕಿತು. ಕೊನೆಗೆ ಬರೆದಿದ್ದೀರಿ: “ಶನಿವಾರ. ಪದ್ಮಾವತಿಯ ಚೀಲ ತೆಗೆದು ಆರು ದಿನ. ನಿನ್ನೆ ಮನೆಗೆ ಬಂದಳು. ಹೊಟ್ಟೆ ಉಬ್ಬಿದೆ, ಸೀರೆಯ ನೆರಿಗೆ ನಿಲ್ಲುತ್ತಿಲ್ಲ. ನಾಳೆ ನಂಟರು ಬರುತ್ತಾರೆ. ಸೋಮವಾರ ಆಸ್ಪತ್ರೆಗೆ ತೋರಿಸಿದರಾಯಿತು.”

ಆಮೇಲಿನ ಪುಟಗಳೆಲ್ಲ ಖಾಲಿ.

ಮುತ್ತಾತ, ಆ ಶಾಯಿ ಒಣಗುವ ಮೊದಲು ಈ ಪತ್ರ ಮುಟ್ಟಲಿ. ಗಾಳಿ ಹೋಗಿದೆಯೇ ಎಂದು ಪದ್ಮಾವತಿ ಮುತ್ತಜ್ಜಿಯನ್ನು ಕೇಳಿ, ನಾಚಿಕೊಂಡರೂ ಕೇಳಿ. ಏನೂ ತಿನ್ನಿಸಬೇಡಿ. ಸೀರೆಯ ಗಂಟು ಸಡಿಲಿಸಿ ಸಮಾಧಾನಪಡಬೇಡಿ, ಈಗಲೇ ಕರೆದೊಯ್ಯಿರಿ. ನಂಟರು ಬಾಗಿಲಲ್ಲಿ ಕಾಯಲಿ.

ಅವರು ಬದುಕಿದರೆ, ದಿನಚರಿಯಲ್ಲಿ ‘ಭಾನುವಾರ’ ಎಂದು ಒಂದು ಸಾಲು ಬರೆಯಿರಿ. ದಿನಾ ಸಂಜೆ ಆ ಪುಟ ತೆರೆದು ನೋಡುತ್ತೇನೆ. ಇವತ್ತೂ ನೋಡಿದೆ. ಏನೂ ಇಲ್ಲ.

ಯುವರ್ಸ್ ಒಬೀಡಿಯಂಟ್ಲಿ,
ನಿಮ್ಮ ವಂಶದ ಜಯತೀರ್ಥ