ಇಲಿಬೋನಿನವನು ಮಾಡಿದ ಹ್ಯಾಂಗರ್

ಅಂಗಡಿಯ ಹಿಂದಿನ ಕೋಣೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ ಮಧ್ಯಾಹ್ನ

ನಮ್ಮ ಚಿನಕುರುಳಿಯ ಅಮ್ಮನಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಿಮ್ಮಣ್ಣನ ಮನೆಯ ಮೆಟ್ಟಿಲು ಬಹಳ ಕಡಿದು ಅಂತ ಮಗಳು ಹೇಳಿದಳು. ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ಇದನ್ನು ಹೇಳಲು ನೀನ್ಯಾರು ಅಂತ ಕೇಳಬಹುದು. ಕೇಳು. ನಾಲ್ಕು ವರ್ಷದಿಂದ ನೀನು ನನ್ನನ್ನು ಏನೂ ಕೇಳಿಲ್ಲ, ಅದನ್ನಾದರೂ ಕೇಳು. ನನ್ನ ಕಣ್ಣು ಸ್ವಲ್ಪ ಮಂಜಾಗಿದೆ, ಮಿಕ್ಕಂತೆ ಗುಂಡುಕಲ್ಲಿನ ಹಾಗಿದ್ದೇನೆ.

ಭಾನುವಾರ ಮಗಳ ಮದುವೆಗೆ ನಾನಿದ್ದರೆ ನೀನು ಬರುವುದಿಲ್ಲ ಅಂದಿದ್ದು ನನ್ನ ಕಿವಿಗೆ ಬಿದ್ದಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಹ್ಯಾಂಗರಿನ ಸುದ್ದಿ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಸುಲಭ. ಮದುಮಗಳ ಹೆಸರನ್ನು ತಂತಿಯಲ್ಲಿ ಬರೆದು ಮಾಡಿದ ಹ್ಯಾಂಗರನ್ನು ನಮ್ಮ ಹುಡುಗಿ ಯಾವುದೋ ದೊಡ್ಡ ಅಂಗಡಿಯಲ್ಲಿ ನೋಡಿದಳಂತೆ, ಬೆಲೆ ಕೇಳಿ ನಕ್ಕು ಬಂದಳಂತೆ. "ಅಪ್ಪಾ, ಇಷ್ಟು ವರ್ಷ ಇಲಿಗಳಿಗೆ ಮನೆ ಕಟ್ಟಿದ್ದು ಸಾಕು, ನನ್ನ ಗೌನಿಗೊಂದು ಹ್ಯಾಂಗರ್ ಮಾಡಿಕೊಡು" ಅಂದಳು. ಬೋನು ಕಟ್ಟಿ ಉಳಿದ ದಪ್ಪ ತಂತಿಯನ್ನು ಬಗ್ಗಿಸಿ ಭುಜ ಮಾಡಿದೆ. ಪಾತ್ರೆ ಸ್ಟ್ಯಾಂಡಿಗೆ ತಂದ ತೆಳ್ಳನೆಯ ತಂತಿ ಅಕ್ಷರಕ್ಕಾಯಿತು. ಭುಜಕ್ಕೆ ಸುತ್ತಲು ಟೈಲರಮ್ಮ ಗೌನಿನದೇ ಚೂರುಬಟ್ಟೆ ಕೊಟ್ಟರು. ಆದರೆ ಬರವಣಿಗೆ? ನನ್ನದು ಕಾಗೆ ಕಾಲು ಗುಬ್ಬಿ ಕಾಲು. ಹುಡುಕಿದಾಗ ಅವಳ ಶಾಲೆಯ ಹಳೇ ಕೋಟು ಸಿಕ್ಕಿತು. ಕಾಲರಿನ ಒಳಗೆ ನೀನು ಶಾಯಿಯಲ್ಲಿ ಬರೆದ 'ಚಿನಕುರುಳಿ' ಒಂದಿಷ್ಟೂ ಮಾಸಿರಲಿಲ್ಲ. ಅದನ್ನೇ ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಗೆರೆಯುದ್ದಕ್ಕೂ ಮೊಳೆ ಹೊಡೆದು, ಮೊಳೆ ಬಳಸಿ ತಂತಿ ಬಗ್ಗಿಸಿದೆ. ಅಷ್ಟುದ್ದದ ಮುದ್ದಿನ ಹೆಸರು ಯಾಕಾದರೂ ಇಟ್ಟೆಯೋ, ಪುಟ್ಟಿ ಅಂದಿದ್ದರೆ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಕೊನೆಯ ಅಕ್ಷರ ಮೂರು ಸಲ ಕೆಟ್ಟಿತು. ಒಮ್ಮೆ ತಪ್ಪಾಗಿ ಬಗ್ಗಿದ ತಂತಿಯನ್ನು ಎಷ್ಟು ನೇರ ಮಾಡಿದರೂ ಸೊಟ್ಟ ಉಳಿದೇ ಉಳಿಯುತ್ತದೆ, ನಿನಗೂ ಗೊತ್ತಿರುವುದೇ. ಪ್ರತಿ ಸಲವೂ ಹೊಸ ತಂತಿ ತೆಗೆದುಕೊಂಡೆ.

ಟೈಲರಮ್ಮನ ಕೋಣೆಯಲ್ಲಿ ಹ್ಯಾಂಗರಿಗೆ ಗೌನು ಹಾಕಿ ನೋಡಿದೆವು. ಬೆಣ್ಣೆಯ ಹಾಗೆ ಜಾರಿಕೊಂಡು ಕೂತಿತು. ತೆಗೆಯಲು ಹೋದರೆ ಬರಲೊಲ್ಲದು. ಹುಟ್ಟುಗುಣ ಸುಟ್ಟರೂ ಹೋಗದು ನೋಡು. ಭುಜದ ತಂತಿಗೆ ಕಟ್ಟು ಹಾಕುವಾಗ ಬೋನಿಗೆ ಮಾಡುವ ಹಾಗೆ ತುದಿಗಳನ್ನೆಲ್ಲ ಒಳಮುಖವಾಗಿ ಬಾಗಿಸಿಬಿಟ್ಟಿದ್ದೇನೆ! ಒಳಗೆ ಹೋಗುವಾಗ ತಾಗುವುದಿಲ್ಲ, ಹೊರಗೆ ಬರುವಾಗ ಬಿಡುವುದಿಲ್ಲ. ಮೊನೆಗಳು ಸುತ್ತಿದ ಬಟ್ಟೆಯನ್ನೂ ತೂರಿ ಲೇಸನ್ನು ಹಿಡಿದುಕೊಂಡಿದ್ದವು. ಟೈಲರಮ್ಮ ಅರ್ಧ ಗಂಟೆ ಸೂಜಿಯಲ್ಲಿ ಒಂದೊಂದೇ ಎಳೆ ಬಿಡಿಸಿದರು. "ಏನ್ರೀ, ಮಗಳನ್ನ ಒಳಗೇ ಹಿಡ್ಕೊಳ್ಳೋ ಯೋಚನೇನಾ?" ಅಂದರು. ಮಗಳು ನಕ್ಕಳು, ನಾನೂ ನಕ್ಕೆ. ಅಂಗಡಿಗೆ ಬಂದು ಮೊನೆಗಳನ್ನೆಲ್ಲ ಅರದಲ್ಲಿ ಉಜ್ಜಿ ನುಣ್ಣಗೆ ಮಾಡುತ್ತಾ ಕೂತಾಗ ನಗು ಬರಲಿಲ್ಲ.

ನಿಮ್ಮಮ್ಮನಿಗೆ ಉಸಿರು ಕಟ್ಟುತ್ತಿದೆ, ತಂಗಿಯನ್ನು ಕೂಡಲೇ ಕಳಿಸಿ ಅಂತ ನಾಲ್ಕು ವರ್ಷದ ಹಿಂದೆ ನಿಮ್ಮಣ್ಣ ಅಂಗಡಿಗೆ ಹೇಳಿಕಳಿಸಿದ್ದು ಒಂದು ಸೋಮವಾರ. ನಾನು ನಿನಗೆ ಹೇಳಿದ್ದು ಬುಧವಾರ. ಗೋದಾಮಿನವರಿಗೆ ಮುನ್ನೂರು ಬೋನು ಕೊಡಬೇಕಿತ್ತು, ಬಾಗಿಲು ಕಟ್ಟುವುದರಲ್ಲಿ ನಿನ್ನಷ್ಟು ಚುರುಕು ಯಾರಿಗೂ ಇರಲಿಲ್ಲ. ಮುದುಕಿ ಗಟ್ಟಿ ಜೀವ, ಎರಡು ದಿನ ತಡೆದೀತು ಅಂದುಕೊಂಡೆ. ನೀನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಅವರ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದ್ದರಂತೆ. ಆ ಎರಡು ದಿನ ನೀನು ನನ್ನ ಎದುರೇ ಕೂತು, ಏನೇನೋ ಹರಟುತ್ತಾ ತಂತಿ ತಿರುಚುತ್ತಿದ್ದೆ. ನಾನು ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ಕಂಡಕಂಡವರ ಹತ್ತಿರವೆಲ್ಲ ಮರೆತುಹೋಯಿತು ಅಂತ ವಾದ ಮಾಡಿದೆ. ಮರೆತಿರಲಿಲ್ಲ ಕಣೇ. ಗೊತ್ತಿದ್ದೇ ಬಚ್ಚಿಟ್ಟೆ. ತಪ್ಪು ನನ್ನದು, ಪೂರ್ತಿ ನನ್ನದು. ಇಷ್ಟು ಬರೆಯಲು ನಾಲ್ಕು ವರ್ಷ ಬೇಕಾಯಿತು. ಕ್ಷಮಿಸು ಅಂತ ಕೇಳುವುದಿಲ್ಲ, ಕೇಳಿದರೆ ನೀನು ಉತ್ತರ ಕೊಡಬೇಕಾಗುತ್ತದೆ.

ಮಗಳದ್ದು ಅಡಕತ್ತರಿಯಲ್ಲಿ ಸಿಕ್ಕ ಸ್ಥಿತಿ. ಬರಬೇಡ ಅಂತ ನನಗೂ ಹೇಳಲಾರಳು, ಅಮ್ಮ ಇಲ್ಲದೆ ಮದುವೆಯಾಗಲೂ ಆರಳು. ಮೊನ್ನೆ ಊಟಕ್ಕೆ ಕೂತವಳು ತಟ್ಟೆ ಮುಂದಿಟ್ಟುಕೊಂಡು ಸುಮ್ಮನಾದಳು. ಚಿನಕುರುಳಿ ಸುಮ್ಮನಾದರೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಸಭಾಂಗಣ ದೊಡ್ಡದು, ನಾನು ಹಿಂದಿನ ಬಾಗಿಲ ಹತ್ತಿರ ನಿಂತುಕೊಳ್ಳುತ್ತೇನೆ ಅಂತ ನಿನಗೆ ಬರೆಯೋಣವೆಂದಿದ್ದೆ. ಆದರೆ ಆಗ ನೀನು ಇಡೀ ಹೊತ್ತು ಹಿಂದಕ್ಕೆ ತಿರುಗದ ಹಾಗೆ ಕತ್ತು ಬಿಗಿಹಿಡಿದು ಕೂರಬೇಕು. ಮಗಳ ಮದುವೆಯಲ್ಲಿ ಹಾಗೆ ಕೂರಬಾರದು.

ನಿಮ್ಮಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ, ಅವರು ಸ್ವೀಕರಿಸಿದರೆ. ಎಣ್ಣೆ ಬಿಸಿ ಮಾಡಿ ಮಂಡಿಗೆ ಹಚ್ಚಿಕೊ. ನೂರು ಕಾಲ ಚೆನ್ನಾಗಿರು.

ಇಂತಿ,
ನಿನ್ನವನು ಅಂತ ಬರೆಯಬಹುದೋ ಇಲ್ಲವೋ ತಿಳಿಯದ
ಚಿನಕುರುಳಿಯ ಅಪ್ಪ

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು. ಭಾನುವಾರ ನಾನು ಬರುವುದಿಲ್ಲ, ನೀನು ಬಾ. ಮಗಳಿಗೆ ಇವತ್ತು ಬೆಳಿಗ್ಗೆಯೇ ಹೇಳಿದೆ. ತುಂಬಾ ಅತ್ತಳು, ಆಮೇಲೆ ಒಪ್ಪಿದಳು. ಪದ್ಧತಿಯಂತೆ ಬಾಗಿಲಿನಿಂದ ಅವಳ ಕೈ ಹಿಡಿದು ಒಳಗೆ ಕರೆದೊಯ್ಯಬೇಕಾದವನು ಅಪ್ಪನಾದ ನಾನು. ಆ ಕೈಯನ್ನು ನೀನು ಹಿಡಿ. ಎಡಗಡೆ ನಡೆ, ನಿಧಾನಕ್ಕೆ ನಡೆ. ಎತ್ತರದ ಚಪ್ಪಲಿ ಹಾಕಿ ಅವಳಿಗೆ ಅಭ್ಯಾಸವಿಲ್ಲ.